ಗ್ರಿಸೆಲ್ದಾಳ ಪಾತ್ರದಲ್ಲಿ ಲಿಸಾಂದ್ರೊ

"ನನ್ನ ಪಾತ್ರ ಇವನೇ ಮಾಡ್ಲಿ," ಎಂದು ಗ್ರಿಸೆಲ್ದಾ ಲಿಸಾಂದ್ರೊನ ಕಡೆ ಬೆರಳು ತೋರಿಸಿದಳು. "ಎಂಟು ತಿಂಗಳಿಂದ ನನ್ನ ನೋಡಿ ಮುಸಿಮುಸಿ ನಗ್ತಾನಲ್ಲ, ಇವತ್ತು ಎದ್ದು ನಿಂತೇ ನಗ್ಲಿ."

ಬ್ಯೂನಸ್ ಐರಿಸ್‌ನಲ್ಲಿ ಮನಸ್ಸಿನ ಡಾಕ್ಟರಿಲ್ಲದ ಮನುಷ್ಯ ಸಿಗುವುದೇ ಕಷ್ಟ. ಕೆಲವರಿಗೆ ಒಬ್ಬರು ಸಾಲದೆ, ಗುರುವಾರ ಸಂಜೆ ಡಾಕ್ಟರ್ ಪೆರ್ಲಾ ಅವರ ಗುಂಪಿಗೂ ಬರುತ್ತಾರೆ. ಅಲ್ಲಿ ಮಾತು ಕಡಿಮೆ, ನಾಟಕ ಜಾಸ್ತಿ. ನಿಮ್ಮ ಬದುಕಿನ ಒಂದು ಗಳಿಗೆಯನ್ನು ಬೇರೆಯವರು ಆಡಿ ತೋರಿಸುತ್ತಾರೆ. ನೀವು ಕುರ್ಚಿಯಲ್ಲಿ ಕೂತು ನಿಮ್ಮನ್ನೇ ನೋಡಬೇಕು.

ಗ್ರಿಸೆಲ್ದಾಗೆ ಇದು ಕೊನೆಯ ಗುರುವಾರ. ಗುಂಪು ಬಿಡುತ್ತೇನೆಂದು ಬಂದೊಡನೆ ಹೇಳಿಬಿಟ್ಟಿದ್ದಳು. ಗುಂಡಿ, ದಾರ, ರಿಬ್ಬನ್ ಮಾರುವ ಪುಟ್ಟ ಅಂಗಡಿ ಅವಳದು, ವಯಸ್ಸು ನಲವತ್ತೊಂದು.

"ಗಂಟುಮುಖದೋಳು ನಾನು. ಕಲ್ಲು. ಬಿಟ್ಟುಹೋದ ಗಂಡನೂ ಅದನ್ನೇ ಹೇಳ್ದ. ಇಷ್ಟು ದಿನ ಬಂದ್ರೂ ಕರಗಲಿಲ್ಲ, ಡಾಕ್ಟ್ರೇ. ಪ್ರೀತಿಗೀತಿ ನನ್ನ ಪಾಲಿಗಿಲ್ಲ."

"ಸರಿ, ಆ ಕಲ್ಲನ್ನೇ ನೋಡೋಣ," ಎಂದರು ಪೆರ್ಲಾ. "ಅಂಗಡಿ ಮುಚ್ಚೋ ಹೊತ್ತು. ನೆಲ್ಲಿ, ನೀನು ಗಿರಾಕಿ."

ನಿವೃತ್ತ ಟೀಚರ್ ನೆಲ್ಲಿ ಕೋಟು ಹಾಕಿಕೊಂಡು ಮುದುಕಿಯಂತೆ ಬೆನ್ನು ಬಗ್ಗಿಸಿದಳು.

ಲಿಸಾಂದ್ರೊ ಎದ್ದ. ಸಿಟಿ ಬಸ್ ಓಡಿಸುವವನು, ಭಾರೀ ಆಳು. ಸೊಂಟಕ್ಕೆ ಕೈಯಿಟ್ಟು ಹುಬ್ಬು ಗಂಟಿಕ್ಕಿದ. ಥೇಟ್ ಅವಳೇ! ಎಲ್ಲರೂ ಗೊಳ್ಳೆಂದು ನಕ್ಕರು. ಗ್ರಿಸೆಲ್ದಾಳ ಕೆನ್ನೆ ಉರಿಯಿತು.

"ಬರೋ ಹೊತ್ತಾ ಇದು?" ಎಂದು ಗದರಿದ. "ಹಳೇ ಕಾಲದ ಗುಂಡಿ, ಈಗೆಲ್ಲಿ ಸಿಗತ್ತೆ?"

ಅನ್ನುತ್ತಲೇ ಮೊಣಕಾಲೂರಿ ಒಂದು ಡಬ್ಬಿ ಹುಡುಕಿದ, ಇನ್ನೊಂದು, ಮತ್ತೊಂದು. ಸಿಕ್ಕಿತು. ಇಲ್ಲದ ಸೂಜಿಗೆ ಇಲ್ಲದ ದಾರ ಪೋಣಿಸಿ, ನೆಲ್ಲಿಯ ಕೋಟಿಗೆ ತಾನೇ ಹೊಲಿದು, ದಾರವನ್ನು ಹಲ್ಲಿನಿಂದ ಕಡಿದ. ಆಮೇಲೆ ಅವಳ ಕಾಲರನ್ನು ಮೆತ್ತಗೆ ಸರಿಪಡಿಸಿದ.

"ಈ ಚಳೀಲಿ ಕೋಟು ತೆರ್ಕೊಂಡು ಓಡಾಡ್ತೀರಲ್ಲ, ಬುದ್ಧಿ ಬೇಡ್ವಾ ಅಜ್ಜಿ? ಹೋಗಿ, ಹೋಗಿ."

ಈಗ ಯಾರೂ ನಗಲಿಲ್ಲ.

ಗ್ರಿಸೆಲ್ದಾ ಕುರ್ಚಿಯಿಂದ ಎದ್ದೇಬಿಟ್ಟಳು. "ಇದನ್ನ ನಾನು ಯಾರಿಗೂ ಹೇಳಿಲ್ಲ! ನಿಂಗೆ ಹೇಗೆ ಗೊತ್ತು?"

ಲಿಸಾಂದ್ರೊ ಕಿವಿಯವರೆಗೆ ಕೆಂಪಾದ. "ಮೇ ತಿಂಗಳ ಚಳೀಲಿ ಗುಂಡಿ ಕೊಳ್ಳೋ ನೆಪ ಮಾಡ್ಕೊಂಡು ನಿನ್ನ ಅಂಗಡಿಗೆ ಬಂದಿದ್ದೆ. ಗಾಜಿನಾಚೆ ನಿಂತು ಎಲ್ಲಾ ನೋಡ್ದೆ."

"ಒಳಗ್ಯಾಕೆ ಬರ್ಲಿಲ್ಲ?"

"ನೋಡ್ಕೊಂಡ್ರೆ ಅಂಗೀಲಿ ಎಲ್ಲಾ ಗುಂಡೀನೂ ಇದ್ವು. ಒಂದನ್ನಾದ್ರೂ ಕಿತ್ಕೊಂಡು ಬರೋದು ಮರ್ತಿದ್ದೆ."

"ಮತ್ತೆ ಇಲ್ಲಿ ಕೂತು ನಗೋದು?"

"ನಿನ್ನ ನೋಡಿದ್ರೆ ಖುಷಿಯಾಗತ್ತೆ ಕಣೇ, ನಗು ಬರತ್ತೆ. ನಾನೇನು ಮಾಡ್ಲಿ?"

ಗ್ರಿಸೆಲ್ದಾಗೆ ಬೈಯಲು ಪೆರ್ಲಾ ಸಮಯ ಕೊಡಲಿಲ್ಲ.

"ಈಗ ಅದಲುಬದಲು. ಗ್ರಿಸೆಲ್ದಾ, ನೀನು ಲಿಸಾಂದ್ರೊ. ಗಾಜಿನಾಚೆ ನಿಲ್ಲು. ಕಂಡದ್ದನ್ನ ಹೇಳು."

ಅವಳು ಜಮಖಾನೆಯ ಅಂಚಿನಲ್ಲಿ ನಿಂತಳು. ಎದುರಿಗೆ ಅವನು ಮತ್ತೆ ಅವಳಾಗಿ, ಬಗ್ಗಿ ಹೊಲಿಯುತ್ತಿದ್ದ. ಎಷ್ಟು ಎಚ್ಚರದ ಕೈ ಅದು! ತಾನು ಹೀಗಾ?

"ನಾನು ಲಿಸಾಂದ್ರೊ," ಎಂದಳು. "ಒಳಗೊಬ್ಬಳಿದ್ದಾಳೆ. ಬಾಯಿ ತೆಗೆದ್ರೆ ಬೈತಾಳೆ. ಬೈತಾ ಬೈತಾನೇ ಅಜ್ಜಿ ಕಾಲರ್ ಸರಿಮಾಡ್ತಾಳೆ." ತನ್ನ ಬಗ್ಗೆ ಇಂಥ ಮಾತನ್ನು ಅವಳ ಬಾಯಿ ಎಂದೂ ಆಡಿರಲಿಲ್ಲ. "ಕಲ್ಲಲ್ಲ ಅವಳು. ನಂಗಿಷ್ಟ ಅವಳು."

ಹೇಳಿದ ಮೇಲೂ ಅದು ಸುಳ್ಳೆಂದು ಅನ್ನಿಸಲಿಲ್ಲ. ಅವಳಿಗೆ ಆಶ್ಚರ್ಯವಾದದ್ದು ಅದೇ. ಮೈ ಹಗುರಾಗಿ, ಇಲ್ಲದ ಗಾಜನ್ನು ಟಕಟಕ ಬಡಿದಳು.

ಲಿಸಾಂದ್ರೊ ತಲೆಯೆತ್ತಿ ಹುಬ್ಬು ಗಂಟಿಕ್ಕಿದ. ಕಣ್ಣು ಮಾತ್ರ ನಗುತ್ತಿತ್ತು. "ಅಂಗಡಿ ಮುಚ್ಚಿದೆ. ನಾಳೆ ಬಾ."

"ಏಯ್, ಅವಳು ಹಾಗನ್ನಲ್ಲ!"

"ಪಾತ್ರ ನಂದು ಮಾರಾಯ್ತಿ. ಅವಳೇನಂತಾಳೆ ಅಂತ ನಂಗೊತ್ತು."

"ನಿಂಗೇನು ಗೊತ್ತು, ಮಣ್ಣು? ಅವಳನ್ನ ನನ್ನಷ್ಟು ಬಲ್ಲೋರು ಯಾರಿದ್ದಾರೆ?"

ಅಂದವಳಿಗೆ ತಾನೇ ನಗು ಬಂತು. ನಗುತ್ತಲೇ ಗಾಜನ್ನು ದಾಟಿ ಬಂದು, ಅವನ ಕೈಯಿಂದ ಇಲ್ಲದ ಸೂಜಿಯನ್ನು ತೆಗೆದುಕೊಂಡು, ಆ ಕೈಯನ್ನು ಹಿಡಿದುಕೊಂಡೇ ಹೇಳಿದಳು:

"ಇಷ್ಟು ದಿನ ಹೊರಗ್ಯಾಕೆ ನಿಂತಿದ್ದೆ, ಒಳಗೆ ಬಾ ಅಂತಾಳೆ."