ಐದನೇ ಪ್ರತಿಯಲ್ಲಿ ಇಲ್ಲದ ಹೆಸರು

ಕಲ್ಲೇಶ ತನ್ನ ಹೆಸರನ್ನು ತಾನೇ ಅಳಿಸಿದ್ದ. ಆ ಸಿಟ್ಟನ್ನು ನಾನು ಆರು ವರ್ಷ ಜೋಪಾನವಾಗಿ ಇಟ್ಟುಕೊಂಡು ಬಂದಿದ್ದೆ.

ಮೊನ್ನೆ ಸೋಮವಾರ ಕೊಪ್ಪಳದ ನಮ್ಮ ಕಾಲೇಜಿನಲ್ಲಿ ಪಾಠ ಮುಗಿಸಿ ಸ್ಟಾಫ್ ರೂಮಿಗೆ ಬಂದರೆ ಒಂದು ಇಮೇಲ್ ಕಾದಿತ್ತು. ಯಾವುದೋ ದೇಶದ ಅಪರಿಚಿತರೊಬ್ಬರು ಬರೆದಿದ್ದರು. ಆರು ವರ್ಷದ ಹಿಂದೆ ನೀವು ಬರೆದ ಸರ್ಕ್ಯೂಟ್ ಬೋರ್ಡಿನ ವಿವರಣೆಯಲ್ಲಿ ಒಂದು ಸಾಲು ತಪ್ಪಿರುವಂತಿದೆ, ಆ ಬೋರ್ಡು ನಿಮ್ಮ ಬಳಿ ಇದ್ದರೆ ಪರೀಕ್ಷಿಸಿ ಶುಕ್ರವಾರದೊಳಗೆ ತಿಳಿಸುವಿರಾ ಎಂದು.

ಮೇಲ್ ಬಂದಿದ್ದು ನನ್ನೊಬ್ಬಳಿಗೆ. ಆ ವಿವರಣೆ ಬರೆದವರು ನಾವಿಬ್ಬರು, ನಾನು ಮತ್ತು ಕಲ್ಲೇಶ.

ಆಗ ನಾವು ಗಂಗಾವತಿಯಲ್ಲಿದ್ದೆವು. ಭತ್ತದ ತೇವ ಅಳೆಯುವ ಯಂತ್ರ ಮಾಡುವ ಪುಟ್ಟ ಕಂಪನಿ; ರೈಸ್ ಮಿಲ್ಲಿನ ಸಾಮಾನು ಮಾರುವ ಅಂಗಡಿಯ ಮೇಲೊಂದು ಕೋಣೆ, ನಾಲ್ಕೇ ಜನ. ಬೋರ್ಡಿನ ಮೇಲೆ ಯಾವ ಚಿಪ್ ಎಲ್ಲಿದೆ, ಯಾವ ವೈರು ಎಲ್ಲಿಗೆ ಹೋಗಿದೆ ಎಂಬುದು ಯಂತ್ರವನ್ನು ನಡೆಸುವ ಲಿನಕ್ಸ್ ಕರ್ನೆಲ್ ಎಂಬ ತಂತ್ರಾಂಶಕ್ಕೆ ತಾನಾಗಿ ತಿಳಿಯುವುದಿಲ್ಲ. ಯಾರಾದರೂ ಕ್ರಮವಾಗಿ ಬರೆದುಕೊಡಬೇಕು. ಬರೆದದ್ದನ್ನು ತಪಾಸಣೆ ಮಾಡಲು ಒಂದು ಟೂಲ್ ಇದೆ. ಒಂದು ಸ್ಪೇಸ್ ಹೆಚ್ಚಾದರೂ ರಂಪ ಮಾಡುತ್ತದೆ. ಅದು ಒಪ್ಪಿದ ಮೇಲೆ ಲೋಕವೆಲ್ಲ ಓದುವಂತೆ ಕಳಿಸಬೇಕು, ಓದಿದವರು ತಪ್ಪು ತೋರಿಸಿದಂತೆಲ್ಲ ತಿದ್ದಿ ಮತ್ತೊಂದು ಪ್ರತಿ ಕಳಿಸಬೇಕು.

ನಾನು ಆತುರದವಳು. ಕಲ್ಲೇಶ ಹಾಗಲ್ಲ. ಚಿಪ್ ಮಾಡಿದವರು ಡೇಟಾಶೀಟ್‌ನಲ್ಲಿ ಬರೆದುಕೊಟ್ಟ ಮಾತನ್ನೂ ನಂಬದೆ ಒಂದೊಂದು ಪಿನ್ನಿಗೂ ಮೀಟರ್ ಹಿಡಿಯುತ್ತಿದ್ದ.

"ಡೇಟಾಶೀಟ್‌ನ್ಯಾಗ ಬರದೈತಲ್ರಿ, ಹಂಗ ಹಾಕಿಬಿಡೋಣು," ಎನ್ನುತ್ತಿದ್ದೆ.

"ಕಣ್ಣಿಲೆ ನೋಡ್ಲಾರದ್ದು ಬರಿಬಾರದ್ರಿ."

"ಮತ್ತ ಕಣ್ಣು ಬೋರ್ಡಿನ ಮ್ಯಾಲ ಎಲ್ಲೈತ್ರಿ?"

ಅವನ ಕಿವಿ ಕೆಂಪಾಗುತ್ತಿತ್ತು. ನೋಟ ತಟ್ಟನೆ ಮೀಟರಿಗೆ ಓಡುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಮೆಲ್ಲಗೆ ನನ್ನ ಕಡೆ ಬರುತ್ತಿತ್ತು. ನಾನು ಏನೂ ಗೊತ್ತಿಲ್ಲದವಳಂತೆ ಟೈಪ್ ಮಾಡುತ್ತ, ಆ ನೋಟಕ್ಕಾಗಿಯೇ ಕಾಯುತ್ತಿದ್ದೆ.

ಮಿಲ್ಲುಗಳ ತೌಡಿನ ಧೂಳು ಎಲ್ಲದರ ಮೇಲೂ ಕೂರುತ್ತಿತ್ತು. ನಾನು ಬರುವಷ್ಟರಲ್ಲಿ ನನ್ನ ಕೀಬೋರ್ಡ್ ಮಾತ್ರ ಒರೆಸಿರುತ್ತಿತ್ತು. ಅವನದರ ಮೇಲೆ ಧೂಳು ಹಾಗೇ. ಟೂಲ್ ಮೊದಲ ಬಾರಿ ಒಂದೂ ತಪ್ಪು ತೋರಿಸದ ದಿನ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜಿ ತಂದ. ತನ್ನ ಪಾಲಿನ ಮಿರ್ಚಿಯನ್ನೂ ನನ್ನ ಕಡೆ ಸರಿಸಿ ಕಿಟಕಿಯಾಚೆ ನೋಡುತ್ತ ಕುಳಿತ. ಆ ದಿನಗಳನ್ನು ಈಗಲೂ ಮತ್ತೆ ಮತ್ತೆ ನೆನೆಯುತ್ತೇನೆ. ಅಷ್ಟು ಚೆನ್ನಾಗಿದ್ದವು.

ನಾವು ಬರೆದ ವಿವರಣೆಯ ಪುಟದಲ್ಲಿ ಒಂದು ಸಾಲು ಕಡ್ಡಾಯ: ಇದನ್ನು ಮುಂದೆ ನೋಡಿಕೊಳ್ಳುವವರು ಯಾರು? ನಾಲ್ಕು ಪ್ರತಿಗಳಲ್ಲಿ ದಾನೇಶ್ವರಿ ಎಂಬ ನನ್ನ ಹೆಸರು, ಅದರ ಕೆಳಗೇ ಅವನ ಹೆಸರು. ಲಗ್ನಪತ್ರಿಕೆಯ ಹಾಗೆ ಕಾಣುತ್ತಿತ್ತು. ಕೆಲಸವಿಲ್ಲದಿದ್ದರೂ ತೆರೆದು ನೋಡುತ್ತಿದ್ದೆ. ಐದನೇ ಪ್ರತಿಯ ಹೊತ್ತಿಗೆ ಕಂಪನಿ ಬಾಗಿಲು ಹಾಕುವುದರಲ್ಲಿತ್ತು. ಅದನ್ನು ಅವನೇ ಕಳಿಸಿದ. ಅದರಲ್ಲಿ ನನ್ನ ಹೆಸರೊಂದೇ ಇತ್ತು.

ಯಾಕೆಂದು ಕೇಳಲಿಲ್ಲ. ಬಿಗುಮಾನ. ಉಳಿದಿದ್ದ ಒಂದೇ ಬೋರ್ಡನ್ನು ಅವನು ಡಬ್ಬಿಯಲ್ಲಿಟ್ಟು ಕೊಟ್ಟಾಗಲೂ "ಥ್ಯಾಂಕ್ಸ್ ರಿ" ಎಂದಷ್ಟೇ ಹೇಳಿ ಕೊಪ್ಪಳದ ಬಸ್ಸು ಹತ್ತಿದೆ.

ಈಗ ಗದಗಿನಿಂದ ಒಂದು ಸಂಬಂಧ ಬಂದಿತ್ತು. ಹೂಂ ಅನ್ನುತ್ತೀಯೋ ಇಲ್ಲವೋ ಭಾನುವಾರದೊಳಗೆ ಹೇಳು ಎಂದು ಅವ್ವ ಪಟ್ಟು ಹಿಡಿದಿದ್ದಳು. ಕಲ್ಲೇಶನ ಮನಸ್ಸಿನಲ್ಲಿ ನಾನು ಎಂದಾದರೂ ಇದ್ದೆನೋ ಇಲ್ಲವೋ, ಅದು ತಿಳಿಯದೆ ಹೂಂ ಅನ್ನಲು ಬಾಯಿ ಬರುತ್ತಿರಲಿಲ್ಲ. ಬೋರ್ಡನ್ನು ನಮ್ಮ ಲ್ಯಾಬಿನಲ್ಲೇ ಪರೀಕ್ಷಿಸಬಹುದಿತ್ತು. ಆದರೂ ನಾನು ಗುರುವಾರ ರಜೆ ಹಾಕಿ, ಬೋರ್ಡಿನ ಡಬ್ಬಿ ಹಿಡಿದು, ಕಲ್ಲೇಶನ ಊರಾದ ಕುಷ್ಟಗಿಯ ಬಸ್ಸು ಹತ್ತಿದೆ.

ಅಲ್ಲಿ ಅವನದು ಬೋರ್‌ವೆಲ್ ಸ್ಟಾರ್ಟರ್ ರಿಪೇರಿ ಅಂಗಡಿ. ನನ್ನನ್ನು ಕಂಡವನೇ ಕೈಯಲ್ಲಿದ್ದ ಟೆಸ್ಟರ್ ಕೆಳಗೆ ಬೀಳಿಸಿದ.

"ದಾನೇಶ್ವರಿ ಅವ್ರ! ಬರ್ರಿ, ಕೂಡ್ರಿ."

ಕೂಡಲು ಕುರ್ಚಿಯೇ ಇರಲಿಲ್ಲ. ಗಡಿಬಿಡಿಯಿಂದ ಒಂದು ಸ್ಟೂಲು ಹುಡುಕಿ, ಅಂಗಿಯ ತೋಳಿನಿಂದ ಒರೆಸಿ ಇಟ್ಟ. ಕಿವಿಯ ಮೇಲೆ ಒಂದೆರಡು ಬಿಳಿ ಕೂದಲು ಬಂದಿದ್ದವು. ಅವನಿಗೆ ಒಪ್ಪುತ್ತಿದ್ದವು, ಅದೂ ಸಿಟ್ಟು ತರಿಸಿತು.

"ತೇವ ಜಾಸ್ತಿ ಆದಾಗ ಸಿಗ್ನಲ್ ವೈರಿನ ವೋಲ್ಟೇಜ್ ಇಳಿತೈತಿ ಅಂತ ಬರದೀವಿ. ಅದು ತಪ್ಪಂತ. ನೋಡಿ ಹೇಳ್ರಿ," ಎಂದೆ ಬಿಗಿಯಾಗಿ.

ಕಲ್ಲೇಶ ಬೋರ್ಡಿಗೆ ಕರೆಂಟ್ ಕೊಟ್ಟ. ಒದ್ದೆ ಬಟ್ಟೆ ಮುಟ್ಟಿಸಿ ಮೂರು ಸಲ ನೋಡಿದ.

"ಅವ್ರು ಹೇಳೂದು ಖರೇ ಐತ್ರಿ. ಏರತೈತಿ."

"ಅಂದ್ರ ನೀವು ತಪ್ಪು ನೋಡಿದ್ರಿ? ನೀವು?"

ಅವನು ತಲೆ ತಗ್ಗಿಸಿದ. "ಅವತ್ತ ನಾ ಮೀಟರ್ ನೋಡೇ ಇಲ್ರಿ. ನಾಗರ ಪಂಚಮಿ ಮರುದಿನ ಅದು. ನೀವು ಹಸರ ಇಳಕಲ್ ಸೀರಿ ಉಟ್ಕೊಂಡು ಬಂದಿದ್ರಿ. ಎಷ್ಟೈತ್ರಿ ಅಂತ ಕೇಳಿದ್ರಿ, ಬಾಯಿಗೆ ಬಂದಿದ್ದು ಹೇಳಿಬಿಟ್ಟೆ."

ಆರು ವರ್ಷ ಆ ತಪ್ಪು ಲೋಕದ ಕಣ್ಣೆದುರೇ ಕುಳಿತಿತ್ತು. ನನಗೆ ನಗು ಬಂತು. ತಡೆದುಕೊಂಡೆ.

"ಮತ್ತ ನಿಮ್ಮ ಹೆಸರ ಯಾಕ ತಗದ್ರಿ?"

"ಬೋರ್ಡು ಯಾರ ಕಡಿ ಇರತೈತಿ, ಅವ್ರ ಹೆಸರ ಬರೀರಿ ಅಂತ ನಾಕನೇ ಪ್ರತಿ ಓದಿದವ್ರೊಬ್ರು ಕೇಳಿದ್ರಲ್ರಿ. ಇದ್ದದ್ದು ಒಂದ ಬೋರ್ಡು. ಅದು ನಿಮ್ಮ ಕಡಿ ಇರಲಿ ಅನಿಸ್ತು. ನನ್ನ ಕಡಿ ಇಲ್ಲದ್ದಕ್ಕ ನನ್ನ ಹೆಸರ ಹ್ಯಾಂಗ ಬರೀಲ್ರಿ?"

"ಅಷ್ಟೇನಾ?"

"ಅಷ್ಟ ರಿ. ನೀವು ಮಾರಿ ತಿರುವಿಕೊಂಡು ಹ್ವಾದ್ರಿ. ನನ್ನ ಮ್ಯಾಲ ಮನಸಿಲ್ಲ ಅಂತ ತಿಳ್ಕೊಂಡೆ." ಈ ಬಾರಿ ಅವನ ನೋಟ ಓಡಿಹೋಗಲಿಲ್ಲ. "ನನಗ ನಿಮ್ಮ ಮ್ಯಾಲ ಭಾಳ ಮನಸೈತ್ರಿ. ಆಗಿಂದನೂ ಐತಿ. ನಿಮ್ಮ ಮನಿಗೆ ಬಂದು ಕೇಳ್ಲೇನ್ರಿ?"

ಎಂಥ ಮನುಷ್ಯನಪ್ಪ ಇವನು! ಒಂದು ಮಾತು ಕೇಳದೆ ನಾನೂ ಆರು ವರ್ಷ ಕಳೆದೆನಲ್ಲ, ನಾನೆಂಥವಳು!

ಫೋನ್ ತೆಗೆದು ಅವ್ವನಿಗೆ ಹಚ್ಚಿದೆ. "ಅವ್ವಾ, ಗದಗಿನವ್ರಿಗೆ ಬ್ಯಾಡ ಅಂತ ಹೇಳಿಬಿಡು," ಎಂದೆ. ಮುಂದೆ ಮಾತು ಹೊರಡಲಿಲ್ಲ, ಕಣ್ಣೀರು ಸುರಿಯಿತು. "ಏನಾತವಾ? ಎಲ್ಲಿ ಅದೀ?" ಎಂದು ಅವ್ವ ಆ ಕಡೆಯಿಂದ ಗಾಬರಿಯಾಗಿ ಕೂಗುತ್ತಿದ್ದಳು.

ಕಲ್ಲೇಶ ಕೈ ಒರೆಸಿಕೊಂಡು ಫೋನ್ ತೆಗೆದುಕೊಂಡ.

"ನಮಸ್ಕಾರ್ರಿ ಅಮ್ಮಾರ. ನಾ ಕಲ್ಲೇಶ ಅಂತ್ರಿ, ಕುಷ್ಟಗಿಯವ. ನಿಮ್ಮ ಮಗಳು ನನ್ನ ಅಂಗಡ್ಯಾಗ ಅದಾರ್ರಿ. ಅಳಾಕತ್ಯಾರ. ಗಾಬರಿ ಆಗಬ್ಯಾಡ್ರಿ, ನಗಾಕೂ ಹತ್ಯಾರ."

ನನ್ನ ಮುಖವನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ ಖಾತ್ರಿ ಮಾಡಿಕೊಂಡ.

"ಹೌದ್ರಿ ಅಮ್ಮಾರ. ಎರಡೂ ಮಾಡಾಕತ್ಯಾರ."