ಸೈಕಲ್ ತುಳಿದ ಸೋದರಮಾವ

ಮೇಲಧಿಕಾರಿಯ ಮೆಸೇಜ್ ಚಿಕ್ಕದಾಗಿತ್ತು: "ಎಂಬತ್ತೇಳನೇ ಮನೆಯ ಉತ್ತರಗಳು ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಈ ಸಲವೂ ಹಾಗೇ ಆದರೆ ಪಟ್ಟಿಯಿಂದ ತೆಗೆಯಿರಿ."

ಸರ್ವೆಯ ಹುಡುಗಿ ಅದನ್ನು ಎರಡೆರಡು ಸಲ ಓದಿದಳು. ಎಂಬತ್ತೇಳು ಎಂದರೆ ಕನ್ನಡಕದ ಅಂಗಡಿಯವನು. ಸಾಂಕ್ರಾಮಿಕ ಶುರುವಾಗಿ ಎಲ್ಲರೂ ಮನೆ ಹಿಡಿದಾಗಿನಿಂದ ಆಕೆ ತಿಂಗಳಿಗೊಮ್ಮೆ ಅದೇ ಇನ್ನೂರು ಮನೆಗಳಿಗೆ ಫೋನ್ ಮಾಡಿ ವಯಸ್ಸು, ಓದು, ಉದ್ಯೋಗ, ಮನೆಮಂದಿಯ ವಿವರ ಕೇಳಿ ಬರೆದುಕೊಳ್ಳುತ್ತಿದ್ದಳು. ಉಳಿದವರೆಲ್ಲ "ಬೇಗ ಮುಗಿಸಮ್ಮ" ಎಂದರೆ ಅವನೊಬ್ಬ "ನಿಮ್ಮದು ಊಟ ಆಯ್ತಾ?" ಎನ್ನುತ್ತಿದ್ದ. ಆ ಒಂದು ದನಿಗಾಗಿ ಆಕೆ ತಿಂಗಳಿಡೀ ಕಾಯುತ್ತಿದ್ದಳು. ಅದನ್ನು ಕನ್ನಡಿಯ ಮುಂದೆ ಕೂಡ ಒಪ್ಪಿಕೊಂಡಿರಲಿಲ್ಲ, ಅಷ್ಟೆ.

"ಮನೇಲಿ ಎಷ್ಟು ಜನ?" ಎಂದು ಈ ತಿಂಗಳ ಫೋನಿನಲ್ಲಿ ಅವನನ್ನು ಕೇಳಿದಳು.

"ಮೂರು. ನಾನು, ಅಮ್ಮ, ಸೋದರಮಾವ."

"ಸೋದರಮಾವ ಹೋದ ತಿಂಗಳೇ ಊರಿಗೆ ಹೋದ್ರು ಅಂದಿದ್ರಿ."

"ವಾಪಸ್ ಬಂದ್ರು."

"ಹೇಗೆ? ಬಸ್ಸೇ ಓಡ್ತಿಲ್ವಲ್ಲ."

"ಸೈಕಲ್‌ನಲ್ಲಿ."

"ಎಪ್ಪತ್ತೊಂದನೇ ವಯಸ್ಸಲ್ಲಿ?"

"ಗಟ್ಟಿ ಆಸಾಮಿ."

ಅಷ್ಟರಲ್ಲಿ ಅವನ ಹಿಂದಿನಿಂದ ಹೆಂಗಸಿನ ದನಿ ಬಂತು. "ಯಾವ ಸೋದರಮಾವನೋ? ನಂಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ."

ಹುಡುಗಿಗೆ ನಗುವೂ ಬಂತು, ಅಳುವೂ ಬಂತು.

"ನಿಮ್ಮ ಮನೇನ ಪಟ್ಟಿಯಿಂದ ತೆಗೀತಾರೆ, ಗೊತ್ತಾ? ಯಾಕ್ರೀ ಸುಳ್ಳು ಹೇಳಿದ್ರಿ?"

"ಏನೂ ಬದಲಾಗಿಲ್ಲ ಅಂದ್ರೆ ನಾಲ್ಕೇ ನಿಮಿಷಕ್ಕೆ ಫೋನ್ ಇಡ್ತೀರಿ," ಎಂದ ಮೆಲ್ಲಗೆ. "ಯಾರಾದ್ರೂ ಬಂದ್ರೆ, ಹೋದ್ರೆ ಅವರ ಪೂರ್ತಿ ಜಾತಕ ಕೇಳ್ತೀರಿ. ಇಪ್ಪತ್ತು ನಿಮಿಷ ಆಗುತ್ತೆ."

ಬಡಪಾಯಿ ಸೋದರಮಾವ, ಹದಿನಾರು ನಿಮಿಷದ ಹೆಚ್ಚಿನ ಮಾತಿಗಾಗಿ ತಿಂಗಳುಗಟ್ಟಲೆ ಸೈಕಲ್ ತುಳಿದಿದ್ದ. ಆಕೆಯ ಕಿವಿ ಬಿಸಿಯಾಯಿತು.

"ಮದುವೆ ಆಗಿಲ್ಲ ಅಂತ ಬರೆಸಿದ್ದೀರಿ. ಅದೂ ಸುಳ್ಳಾ?"

"ಅದೊಂದು ಮಾತ್ರ ಪ್ರತಿ ಸಲವೂ ನಿಜ."

ಉತ್ತರಗಳನ್ನು ತಿದ್ದಿ ಅವನನ್ನು ಪಟ್ಟಿಯಲ್ಲೇ ಉಳಿಸಿಕೊಳ್ಳಬಹುದಿತ್ತು. ಆದರೆ ತಿಂಗಳಿಗೆ ನಾಲ್ಕು ನಿಮಿಷ ಯಾರಿಗೆ ಬೇಕು? "ಉತ್ತರಗಳು ನಂಬುವಂತಿಲ್ಲ, ತೆಗೆಯಬಹುದು" ಎಂದು ಷರಾ ಬರೆದು, ಅದನ್ನೇ ಅವನಿಗೂ ಓದಿ ಹೇಳಿದಳು.

"ಹಾಗಾದ್ರೆ ಇನ್ಮೇಲೆ ನಿಮ್ಮ ಫೋನ್ ಬರಲ್ವಾ?" ಅವನ ದನಿ ಇಳಿದುಹೋಗಿತ್ತು.

"ಈ ಫೋನಿಂದ ಬರಲ್ಲ," ಎಂದು ಇಟ್ಟುಬಿಟ್ಟಳು. ಆಮೇಲೆ ಸ್ವಂತ ಮೊಬೈಲ್ ಎತ್ತಿಕೊಂಡು ಅದೇ ನಂಬರ್ ಒತ್ತಿದಳು.

"ಹಲೋ, ಯಾರು?"

"ನಾನೇ. ಇದು ಸರ್ವೆ ಅಲ್ಲ. ನೀವಂದ್ರೆ ನಂಗೆ ಇಷ್ಟ."

ಆ ಕಡೆ ಧಡಾರೆಂದು ಏನೋ ಬಿದ್ದ ಸದ್ದಾಯಿತು. ಸ್ವಲ್ಪ ಹೊತ್ತಿನ ಮೇಲೆ ಫೋನಿಗೆ ಬಂದದ್ದು ಅವನ ಅಮ್ಮ.

"ಕುರ್ಚಿಯಿಂದ ಬಿದ್ದಿದಾನೆ ಕಣಮ್ಮ. ಏಟೇನೂ ಆಗಿಲ್ಲ, ನೆಲದ ಮೇಲೆ ಕೂತ್ಕೊಂಡು ಒಬ್ಬನೇ ನಗ್ತಿದಾನೆ. ಇಡಬೇಡ, ಕೊಡ್ತೀನಿ ಇರು."