ಬೆಳಗಿನ ಗುಡ್ಡ

"ಮಾಮ, ನಮ್ಮ ಕನ್ನಡಿ ಬೆಳಗ್ಗೆ ಒಂದು ಹೇಳುತ್ತೆ, ಮಧ್ಯಾಹ್ನ ಇನ್ನೊಂದು ಹೇಳುತ್ತೆ. ನನ್ನ ಮಾತು ಯಾರೂ ನಂಬ್ತಿಲ್ಲ."

ಬಾಗಿಲಲ್ಲೇ ನಿಂತು ಹೀಗೆಂದ ಹೆಂಗಸು ಯಾರೆಂದು ನಕ್ಷೆಗಾರನಿಗೆ ತಕ್ಷಣ ಹೊಳೆಯಲಿಲ್ಲ. ಆಮೇಲೆ ಅವಳ ಉಗುರಿನ ಸಂದಿಯಲ್ಲಿ ಕೆಂಪು ಪುಡಿ ಕಂಡಿತು. ಎಷ್ಟು ತೊಳೆದರೂ ಹೋಗದ ಆ ಕೆಂಪು ಒಂದೇ ಒಂದು ಕಾರ್ಖಾನೆಯದು. ದೊಡ್ಡ ಮೇಸ್ತ್ರಿಯ ಮಗಳು! ಎರಡು ಜಡೆ ಹಾಕಿಕೊಂಡು ಕಾರ್ಖಾನೆಯ ಮೆಟ್ಟಿಲ ಮೇಲೆ ಕೂತು, ಅವನ ಹತ್ತಿರ ಮೋಟು ಪೆನ್ಸಿಲ್ ಕೇಳಿ ಪಡೆಯುತ್ತಿದ್ದ ಹುಡುಗಿ. ಈಗ ಅವಳೇ ಅಲ್ಲಿ ಕನ್ನಡಿ ಉಜ್ಜುವವರಿಗೆಲ್ಲ ಹಿರಿಯಳು.

ನಕ್ಷೆಗಾರ ಆ ಕಾರ್ಖಾನೆಯ ಮೇಲಂತಸ್ತಿನಲ್ಲಿ ದೂರದರ್ಶಕಗಳ ಉಕ್ಕಿನ ಚೌಕಟ್ಟಿಗೆ ನಕ್ಷೆ ಬರೆದು ನಿವೃತ್ತನಾದವನು. ನಿವೃತ್ತಿಯ ನಂತರ ಅಕ್ಕನ ಮನೆಯ ಹಿಂಬದಿಯ ಕೋಣೆಯಲ್ಲಿ ಬಿಡಾರ ಹೂಡಿದ್ದ. ಅಕ್ಕನ ಗಂಡ ಊರಿಗೆಲ್ಲ ಹೆಸರಾಂತ ಪತ್ತೇದಾರರು, ಅವನಿಗೆ ಬರೀ ಭಾವ. ಭಾವನ ಪ್ರತಿ ಪ್ರಕರಣಕ್ಕೂ ಜಾಗದ ನಕ್ಷೆ ಬರೆದುಕೊಡುವುದು, ಬರೆದದ್ದಕ್ಕೆ ಬೈಸಿಕೊಳ್ಳುವುದು, ಎರಡೂ ಅವನ ಪಾಲಿಗೆ ಬಂದಿದ್ದವು.

"ಒಳಗೆ ಬಾಮ್ಮ. ಕನ್ನಡಿ ಸುಳ್ಳು ಹೇಳೋದು ನಾನು ಕೇಳಿಲ್ಲ," ಎಂದರು ಭಾವ, ಓದುತ್ತಿದ್ದ ಪತ್ರಿಕೆ ಮಡಿಸಿ. "ಯಾರೋ ಹೇಳಿಸ್ತಿರಬೇಕು."

ಅವಳು ಹೇಳಿದ ಸಂಗತಿ ಇಷ್ಟು. ಬೆಟ್ಟದ ಮೇಲೆ ಕಟ್ಟುತ್ತಿರುವ ದೊಡ್ಡ ದೂರದರ್ಶಕಕ್ಕೆ ಒಂದು ಕೋಣೆಯಷ್ಟು ಅಗಲದ ಗಾಜಿನ ಬಿಲ್ಲೆಯನ್ನು ಕಾರ್ಖಾನೆಯಲ್ಲಿ ವರ್ಷಗಳಿಂದ ಸಿದ್ಧಪಡಿಸುತ್ತಿದ್ದರು. ಮೊದಲು ಒರಟು ಪುಡಿ, ಆಮೇಲೆ ನಯವಾದ ಪುಡಿ ಹಾಕಿ ಅರೆದು ನಡುವೆ ತಟ್ಟೆಯ ಹಾಗೆ ತಗ್ಗು ಮಾಡಿದ್ದಾಗಿತ್ತು. ಕೆಂಪು ಪುಡಿಯ ನೀರು ಹಚ್ಚಿ ಉಜ್ಜಿ ಹೊಳಪು ಬರಿಸಿದ್ದೂ ಆಗಿತ್ತು. ಮೇಲ್ಮೈ ಒಪ್ಪಿಗೆಯಾದರೆ ಲೋಹದ ತೆಳು ಲೇಪ ಕೊಟ್ಟು ಬೆಟ್ಟಕ್ಕೆ ಸಾಗಿಸಬಹುದು. ಕೂದಲೆಳೆಯ ಸಾವಿರದಲ್ಲೊಂದು ಪಾಲಿನಷ್ಟು ಉಬ್ಬು ಎಲ್ಲಾದರೂ ಉಳಿದಿದ್ದರೆ ನಕ್ಷತ್ರ ಚುಕ್ಕೆಯಾಗಿ ಕಾಣದೆ ಹರಡಿಹೋಗುತ್ತದೆ.

ಅದನ್ನು ನೋಡಲು ಬಿಲ್ಲೆಯನ್ನು ಎತ್ತಿ ನಿಲ್ಲಿಸಿ, ಉದ್ದನೆಯ ಕತ್ತಲೆ ಓಣಿಯ ಇನ್ನೊಂದು ತುದಿಯಿಂದ ಸೂಜಿಮೊನೆಯಷ್ಟು ಬೆಳಕು ಬಿಡುತ್ತಾರೆ. ಕನ್ನಡಿಯಿಂದ ಮರಳಿ ಬರುವ ಬೆಳಕಿಗೆ ಬ್ಲೇಡಿನ ಅಲಗು ಅಡ್ಡ ತಂದು ಕಣ್ಣಿಟ್ಟರೆ, ಗಾಜಿನ ಸಣ್ಣ ಉಬ್ಬೂ ಸಂಜೆಬಿಸಿಲಲ್ಲಿ ಗುಡ್ಡ ಕಂಡ ಹಾಗೆ ನೆರಳು ಚೆಲ್ಲಿಕೊಂಡು ಕಾಣುತ್ತದೆ. ಹಳೆಯ ಪರೀಕ್ಷಕರು ಹೋದ ವರ್ಷ ತೀರಿಕೊಂಡಿದ್ದರು. ಅವರ ಜಾಗಕ್ಕೆ ಬಂದ ಹೊಸ ಪರೀಕ್ಷಕರು ಬೆಳಗ್ಗೆ ನೋಡಿದಾಗಲೆಲ್ಲ ಒಂದೇ ಜಾಗದಲ್ಲಿ ಒಂದು ಗುಡ್ಡ ಇರುತ್ತಿತ್ತು. ಇವಳು ಮಧ್ಯಾಹ್ನ ನೋಡಿದರೆ ಇರುತ್ತಿರಲಿಲ್ಲ. ಅವರ ಪ್ರಕಾರ ಇವಳು ತಪ್ಪು ಮುಚ್ಚಿಡುತ್ತಿದ್ದಾಳೆ. ಇವಳ ಪ್ರಕಾರ ಅವರಿಗೆ ಕಣ್ಣೇ ಸರಿಯಿಲ್ಲ.

"ನಾಳೆ ಬೆಳಗ್ಗೇನೂ ಕಂಡರೆ ಆ ಜಾಗ ಉಜ್ಜಲೇಬೇಕು ಅಂತ ಮೇಲಿಂದ ಆಜ್ಞೆ ಬಂದಿದೆ," ಎಂದಳು. "ಇಲ್ಲದ ಗುಡ್ಡ ಉಜ್ಜಿದ್ರೆ ಹಳ್ಳ ಬೀಳುತ್ತೆ, ಮಾಮ. ಅಪ್ಪ ಶುರು ಮಾಡಿದ ಕನ್ನಡಿ ಅದು. ನನ್ನ ಕೈಯಾರೆ ಕೆಡಿಸಬೇಕು, ಇಲ್ಲಾಂದ್ರೆ ಕೆಲಸ ಬಿಟ್ಟು ಮನೇಗೆ ಹೋಗಬೇಕು."

"ಮೇಸ್ತ್ರಿ ಹೇಗಿದಾರೆ?" ಎಂದು ನಕ್ಷೆಗಾರ ಕೇಳಿದ.

ಅಮ್ಮ ಹೋದಮೇಲೆ ಅಪ್ಪನಿಗೆ ಮರೆವು ಹೆಚ್ಚಾಗಿದೆ, ಈಚೆಗೆ ತನ್ನ ಜತೆಗೇ ಕಾರ್ಖಾನೆಗೆ ಕರೆದುಕೊಂಡು ಹೋಗುತ್ತೇನೆ, ಊಟದ ಹೊತ್ತಿಗೆ ಮನೆಗೆ ಬಿಟ್ಟು ಬರುತ್ತೇನೆ ಎಂದಳು. ಆಮೇಲೆ ಕಣ್ಣೊರೆಸಿಕೊಂಡಳು.

ಮರುದಿನ ಬೆಳಗ್ಗೆ ಕಾರ್ಖಾನೆಯ ಗೇಟು ದಾಟಿದಾಗ ನಕ್ಷೆಗಾರನ ಕಾಲು ತಾನಾಗಿಯೇ ನಿಧಾನವಾಯಿತು. ಅದೇ ಒದ್ದೆ ನೆಲದ ವಾಸನೆ, ಅದೇ ಕಬ್ಬಿಣದ ಮೆಟ್ಟಿಲು, ಎಡಗೈ ತಾಗಿ ತಾಗಿ ನುಣುಪಾದ ಅದೇ ಕಂಬಿ. ಅವನ ಹಳೆಯ ಕೋಣೆಯಲ್ಲಿ ಈಗ ಖಾಲಿ ಪೆಟ್ಟಿಗೆಗಳಿದ್ದವು. ಅವನು ಬಾಗಿಲಲ್ಲೇ ನಿಂತುಬಿಟ್ಟ. ಭಾವ ನೋಡಿಯೂ ನೋಡದ ಹಾಗೆ ಮುಂದೆ ನಡೆದರು.

ಕನ್ನಡಿಯ ಕೋಣೆಯಲ್ಲಿ ಬಿಲ್ಲೆ ಪಟ್ಟಿಗಳ ಆಸರೆಯಲ್ಲಿ ನೆಟ್ಟಗೆ ನಿಂತಿತ್ತು. ನೆಲ ಒರೆಸುವ ಅಕ್ಕ ತಣ್ಣೀರಲ್ಲಿ ಬಟ್ಟೆ ಅದ್ದಿ ಹಿಂಡುತ್ತಿದ್ದಳು. ಅವಳ ಬೆರಳುಗಳು ಮರಗಟ್ಟಿ ಬೆಳ್ಳಗಾಗಿದ್ದವು. ಯಂತ್ರ ನೋಡಿಕೊಳ್ಳುವ ಉದ್ದಣ್ಣ ಸರಪಳಿ ಎಳೆದು ಕನ್ನಡಿಯ ಮುಚ್ಚಳ ಮೇಲೆತ್ತಿದ. ಅವನ ಅಂಗೈಯಿಂದ ಮೊಣಕೈವರೆಗೂ ಗ್ರೀಸು. ಈ ಕನ್ನಡಿ ಹೋದಮೇಲೆ ಕಾರ್ಖಾನೆಗೆ ಬೀಗ ಎಂಬ ಗಾಳಿಮಾತಿತ್ತು. "ಇದು ಮುಗೀದೆ ಇದ್ರೇ ಒಳ್ಳೇದು ಸಾರ್," ಎಂದು ಉದ್ದಣ್ಣ ಯಾರ ಮುಲಾಜೂ ಇಲ್ಲದೆ ಹೇಳಿದ. ಮೇಲಿನವರ ಅನುಮಾನವೆಲ್ಲ ಅವನ ಮೇಲೇ ಇತ್ತೆಂದು ಆಮೇಲೆ ತಿಳಿಯಿತು.

ಒಳಬಾಗಿಲ ಪಕ್ಕದ ಸ್ಟೂಲಿನ ಮೇಲೆ ದೊಡ್ಡ ಮೇಸ್ತ್ರಿ ಕೂತಿದ್ದರು. ಅರ್ಧ ಮೈಯಾಗಿದ್ದರು. ಎದೆಯ ಜೇಬಿನಲ್ಲಿ ಒಗೆದು ಒಗೆದು ತೆಳ್ಳಗಾದ ಒಂದು ಬಿಳಿ ಅರಿವೆ ಮಡಿಸಿ ಇಟ್ಟಿತ್ತು. ಮೂಗು ಸೋರಿದಾಗ ಅದನ್ನು ಮುಟ್ಟದೆ ತೋಳಿನಿಂದ ಒರೆಸಿಕೊಂಡರು. ನಕ್ಷೆಗಾರನನ್ನು ನೋಡಿ ನಕ್ಕು, "ಬಂತಾ?" ಎಂದು ಕೇಳಿದರು.

ಏನು ಬಂತಾ ಎಂದು ಅವನಿಗೆ ತಿಳಿಯಲಿಲ್ಲ.

"ತಾತಂದು ಬೆಳಗ್ಗೆ ಪೂರ್ತಿ ಇದೇ ಪ್ರಶ್ನೆ," ಎಂದಳು ಒರೆಸುವ ಅಕ್ಕ. "ಚಹಾಕ್ಕೆ ಕೇಳ್ತಾರೆ ಪಾಪ." ಅವಳು ಲೋಟ ತಂದುಕೊಟ್ಟಳು. ಮೇಸ್ತ್ರಿ, "ಈಗ್ಲೇ ಯಾಕೆ?" ಎಂದು ಲೋಟವನ್ನು ನೆಲದ ಮೇಲಿಟ್ಟರು. ಅದು ಅಲ್ಲೇ ಆರಿತು.

ಗಾಜಿನ ಮುಂದಿನ ಗಾಳಿ ಅಲುಗಾಡಬಾರದು. ಅದಕ್ಕೇ ಮುಚ್ಚಳ ತೆಗೆದ ಮೇಲೆ ದೀಪ ಆರಿಸಿ ಎಲ್ಲರೂ ಹೊರಗೆ ಬಂದು, ಗಾಳಿ ನಿಲ್ಲುವ ತನಕ ಕಾಯುವುದು ಅಲ್ಲಿನ ಪದ್ಧತಿ. ಒರೆಸುವ ಅಕ್ಕ ಬಕೆಟ್ಟು ಹಿಡಿದು ಹೋದಳು, ಉದ್ದಣ್ಣ ಹೊಗೆ ಎಳೆಯಲು ಹೋದ. ಪರೀಕ್ಷಕರು, ಮಗಳು, ಭಾವ, ನಕ್ಷೆಗಾರ ಸುತ್ತು ಬಳಸಿ ಓಣಿಯ ಆ ತುದಿಗೆ ಹೋಗಿ ನಿಂತರು. ಪರೀಕ್ಷಕರು ಕಡ್ಡಿ ಮುರಿದಂತೆ ಮಾತಾಡುವ ಮನುಷ್ಯ, ಆದರೆ ಕೆಲಸದಲ್ಲಿ ಚೊಕ್ಕ. ಸಾಕಷ್ಟು ಕಾದು ಅಲಗು ತಿರುಗಿಸಿ ನೋಡಿದರು, ಪಕ್ಕಕ್ಕೆ ಸರಿದರು.

ನಕ್ಷೆಗಾರ ಕಣ್ಣಿಟ್ಟ. ಬೂದುಬಣ್ಣದ ದೊಡ್ಡ ಚಂದ್ರನಂಥ ವೃತ್ತ. ಅದರ ಕೆಳಭಾಗದಲ್ಲಿ, ಎದೆಮಟ್ಟಕ್ಕೆ, ಒಂದು ಗುಡ್ಡ. ಭಾವ ಹೇಳಿದಂತೆ ಅದನ್ನು ನಿಜ ಅಳತೆಗೆ ಕಾಗದದ ಮೇಲೆ ಇಳಿಸಿದ. ಕೆಳಗೆ ದುಂಡಗೆ, ಮೇಲೆ ಸೀಳು ಸೀಳಾಗಿತ್ತು. ಮಗಳು ಕೂಡ ನೋಡಿ ಮುಖ ಬಾಡಿಸಿಕೊಂಡಳು.

"ಮಧ್ಯಾಹ್ನದ ತನಕ ಉಜ್ಜಬೇಡಿ. ಅಷ್ಟು ಹೊತ್ತು ನನಗೆ ಕೊಡಿ," ಎಂದು ಭಾವ ಕೇಳಿಕೊಂಡರು. ಪರೀಕ್ಷಕರು ಒಲ್ಲದ ಮನಸ್ಸಿನಿಂದ ಒಪ್ಪಿದರು.

ಇಬ್ಬರೂ ಹಳೆಯ ನಕ್ಷೆ ಕೋಣೆಗೆ ಹೋಗಿ ಪೆಟ್ಟಿಗೆಗಳ ನಡುವೆ ಕೂತರು. ಭಾವ ಚಿತ್ರದ ಮೇಲೆ ಅಂಗೈ ಊರಿಕೊಂಡು ಯೋಚನೆಗೆ ಬಿದ್ದರು.

"ಕೈ ತೆಗೀರಿ ಭಾವ, ಪೆನ್ಸಿಲ್ ಅಳಿಸಿಹೋಗುತ್ತೆ," ಎಂದು ನಕ್ಷೆಗಾರ ಸಿಡುಕಿದ.

ಭಾವ ಕೈ ತೆಗೆಯಲಿಲ್ಲ. "ನೀನು ಇಲ್ಲಿ ಕೂತಿದ್ದ ಕಾಲದ ಬೆಳಗು ಹೇಗಿತ್ತು, ಹೇಳು."

ಅವನಿಗೆ ಇದಕ್ಕಿಂತ ಬೇರೆ ಬೇಕಿರಲಿಲ್ಲ. ಕಿಟಕಿಯ ಓರೆ ಬಿಸಿಲು, ಹಲಗೆಯ ಮೇಲೆ ಮೊಳೆ ಒತ್ತಿ ಕಾಗದ ಬಿಗಿಯುವುದು, ಕೆಳಗೆ ಓಣಿಯ ಬಾಗಿಲು ಹಾಕುವ ಸದ್ದು, ಎಲ್ಲವನ್ನೂ ಹೇಳಿದ. ಪರೀಕ್ಷೆಯ ದಿನ ಒಳಗೆ ಇರುತ್ತಿದ್ದವರು ಮೇಸ್ತ್ರಿ ಮತ್ತು ಹಳೆಯ ಪರೀಕ್ಷಕರು ಇಬ್ಬರೇ. ಬೇರೆ ಯಾರಿಗೂ ಪ್ರವೇಶವಿರಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ತುದಿಯಿಂದ "ಬಂತಾ?" ಎಂಬ ಕೂಗು, ಇನ್ನೊಂದು ತುದಿಯಿಂದ "ಬಂತು!" ಎಂಬ ಕೂಗು. ಆಮೇಲೆ ಇಬ್ಬರೂ ಈಚೆ ಬಂದು ಮೆಟ್ಟಿಲ ಮೇಲೆ ಕೂತು ಆರಾಮವಾಗಿ ಚಹಾ ಕುಡಿಯುತ್ತಿದ್ದರು. "ಚಹಾದವನು ಬಂದ ಅಂತ ಕೂಗೋದು ಅಂತ ನಾವೆಲ್ಲ ತಿಳ್ಕೊಂಡಿದ್ವಿ," ಎಂದ.

"ಚಹಾದವನು ಬಂದ್ರೆ 'ಬಂದ' ಅಂತಾರೋ, 'ಬಂತು' ಅಂತಾರೋ?" ಎಂದರು ಭಾವ. "ಮೂವತ್ತು ವರ್ಷ ಕಿವಿಗೆ ಬಿದ್ದದ್ದನ್ನ ಹಾಗೇ ಬಿಟ್ಟಿದೀಯಲ್ಲ, ಮಹರಾಯ. ನಡಿ, ಎಲ್ಲರನ್ನೂ ಕರಿ."

ಓಣಿಯಲ್ಲಿ ಅಲಗು ಇದ್ದ ತುದಿಗೆ ಎಲ್ಲರೂ ಬಂದು ಸೇರಿದರು. ಇನ್ನೊಂದು ತುದಿಯಲ್ಲಿ ಕನ್ನಡಿ ನಿಂತಿತ್ತು, ಮೇಸ್ತ್ರಿ ಅದೇ ಸ್ಟೂಲಿನ ಮೇಲಿದ್ದರು. ಬೆಳಗಿನ ಹಾಗೆಯೇ ದೀಪ ಆರಿಸಿ ಬಂದಿದ್ದರು. ಭಾವ ದನಿ ತಗ್ಗಿಸಿ ಮಾತು ಶುರುಮಾಡಿದರು.

"ಮೊದಲು ಎರಡು ದಾರಿಯಲ್ಲಿ ಯೋಚಿಸಿ ನೋಡಿದೆ. ಒಂದರಲ್ಲಿ ಈ ಪರೀಕ್ಷಕರು ಸುಳ್ಳು, ಇನ್ನೊಂದರಲ್ಲಿ ಈ ಹುಡುಗಿ ಸುಳ್ಳು. ಎರಡೂ ಸರಿ ಹೊಂದಲಿಲ್ಲ. ಇಬ್ಬರೂ ನಿಜ ಹೇಳ್ತಿದ್ರೆ? ಆಗ ಗುಡ್ಡ ಬೆಳಗ್ಗೆ ಇತ್ತು, ಮಧ್ಯಾಹ್ನ ಇಲ್ಲ. ಉಜ್ಜಿದ್ದರ ತಪ್ಪು ಹಾಗೆ ಬಂದು ಹೋಗಲ್ಲ. ಗಾಜಿಗೆ ಬಂದು ಹೋಗೋದು ಏನಮ್ಮ?"

"ಕಾವು," ಎಂದಳು ಮಗಳು. ಹೇಳಿದ್ದೇ ಅವಳ ಮುಖ ಬಿಳಿಚಿಕೊಂಡಿತು. "ಬಿಸಿ ತಾಗಿದಲ್ಲಿ ಉಬ್ಬುತ್ತೆ. ಆರಿದ್ರೆ ಇಳಿಯುತ್ತೆ."

"ಎಂಥ ಕಾವು ಅಂತ ನನ್ನ ಮೈದುನ ಬರೆದುಕೊಟ್ಟಿದಾನೆ, ಪಾಪ ಅವನಿಗೇ ಗೊತ್ತಿಲ್ಲ." ಭಾವ ಚಿತ್ರ ಬಿಡಿಸಿ ಅದರ ಮೇಲೆ ಅಂಗೈ ಇಟ್ಟರು. ದುಂಡಗಿನ ಭಾಗಕ್ಕೆ ಅಂಗೈ, ಸೀಳುಗಳಿಗೆ ಬೆರಳು. ಅಳತೆ ಹೊಂದಿಕೊಂಡಿತು.

ಉದ್ದಣ್ಣ ಗಂಟಲು ಸರಿಮಾಡಿಕೊಂಡ. "ನಾನಲ್ಲ ಸಾರ್."

"ನೀನಲ್ಲ. ನಿನ್ನ ಕೈ ತಾಗಿದ್ರೆ ಗ್ರೀಸು ಕೂಗಿ ಹೇಳ್ತಿತ್ತು. ನೆಲ ಒರೆಸೋ ಅಕ್ಕನ ಕೈ ತಣ್ಣೀರಲ್ಲಿ ಮರಗಟ್ಟಿತ್ತು, ಅದನ್ನ ಇಟ್ಟಿದ್ರೆ ಗುಡ್ಡ ಅಲ್ಲ, ಹಳ್ಳ ಕಾಣಬೇಕಿತ್ತು. ಉಳಿದವರು ನನ್ನ ಜತೆ ಇದ್ರು. ಗಾಜಿನ ಮೇಲೆ ಬೆರಳ ಗುರುತೂ ಇಲ್ಲ. ಅಂದ್ರೆ ನಡುವೆ ಬಟ್ಟೆ ಇಟ್ಟಿದಾರೆ. ಗಾಜನ್ನ ಬರಿಗೈಲಿ ಮುಟ್ಟಬಾರದು ಅಂತ ಗೊತ್ತಿರೋರು, ಮೂಗು ಒರೆಸೋಕೂ ಬಳಸದೆ ಜೇಬಲ್ಲಿ ಒಂದು ಶುದ್ಧ ಅರಿವೆ ಇಟ್ಟುಕೊಂಡೋರು. ಎಲ್ಲರೂ ಹೊರಗೆ ಬಂದ್ವಿ ಅಂತ ನೀವು ದಿನಾ ಹೇಳ್ತೀರಿ. ಎಲ್ಲರೂ ಅಂದಾಗ ಒಬ್ಬರನ್ನ ನೀವು ಲೆಕ್ಕಕ್ಕೇ ಹಿಡೀಲಿಲ್ಲ."

ಮಗಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಪರೀಕ್ಷಕರು ಏನೋ ಹೇಳಹೊರಟರು. ಭಾವ ಕೈಯೆತ್ತಿ ತಡೆದರು.

"ಅವರನ್ನ ನಾಳೆಯಿಂದ ಒಳಗೆ ಬಿಡಬಾರದು ಅಂತ ತಾನೇ? ಪೂರ್ತಿ ಕೇಳಿ. ಹಿಂದೆ ಪರೀಕ್ಷೆಗೆ ಮುಂಚೆ ಮೇಸ್ತ್ರಿ ಆ ತುದೀಲಿ ಅಂಗೈ ಇಡೋರು, ಹಳೇ ಪರೀಕ್ಷಕರು ಈ ತುದೀಲಿ ನೋಡೋರು. ಅಂಗೈಯ ಗುಡ್ಡ ಕಂಡರೆ ದೀಪ ಸರಿ, ಅಲಗು ಸರಿ, ನೋಡೋ ಕಣ್ಣೂ ಸರಿ. 'ಬಂತು' ಅಂತ ಕೂಗಿ, ಗುಡ್ಡ ಇಳಿಯೋ ತನಕ ಚಹಾ ಕುಡಿದು, ಆಮೇಲೆ ನಿಜವಾದ ಪರೀಕ್ಷೆ. ಮೇಸ್ತ್ರಿ ಉಳಿದದ್ದೆಲ್ಲ ಮರೆತಿದಾರೆ, ಇದೊಂದನ್ನ ಮರೆತಿಲ್ಲ. ತಮ್ಮ ಪಾಲಿನ ಕೆಲಸ ದಿನಾ ಮಾಡಿ, ದಿನಾ ಕೇಳ್ತಿದಾರೆ. ಊಟಕ್ಕೆ ಮನೆಗೆ ಹೋದ್ಮೇಲೆ ಗುಡ್ಡ ಇಳಿಯುತ್ತೆ. ಗೆಳೆಯ ಹೋಗಿದ್ದು ನೆನಪಿಲ್ಲ. ಉತ್ತರ ಕೊಡೋರು ಇಲ್ಲ. ಚಹಾ ಯಾಕೆ ಮುಟ್ಟಲ್ಲ ಅಂತೀರಿ? ಬಂತು ಅನ್ನೋಕೆ ಮುಂಚೆ ಯಾರಾದ್ರೂ ಚಹಾ ಕುಡೀತಾರಾ?"

ಪರೀಕ್ಷಕರು ಬಗ್ಗಿ ಅಲಗಿನ ಹಿಂದೆ ಕಣ್ಣಿಟ್ಟರು. ಬೂದು ವೃತ್ತದ ಕೆಳಗೆ ಬೆರಳುಗಳ ನೆರಳು ಸರಿದು ಹೋಯಿತು. ಅದು ಇದ್ದಲ್ಲಿ ಒಂದು ಗುಡ್ಡ ಎದ್ದು ನಿಂತಿತ್ತು. ಅವರು ಎದ್ದು ಮಗಳಿಗೆ ಜಾಗ ಬಿಟ್ಟುಕೊಟ್ಟರು.

ಕತ್ತಲ ಆ ತುದಿಯಿಂದ ದಣಿದ ದನಿ ಬಂತು. "ಬಂತಾ?"

ನಕ್ಷೆಗಾರನಿಗೆ ಆ ಕೂಗು ಮಹಡಿಯ ಹಲಗೆಗಳ ಸಂದಿಯಿಂದ, ಬಿಸಿಲು ಬಿದ್ದ ಕಾಗದದ ಮೇಲಿಂದ ಕೇಳಿದಂತಾಯಿತು.

"ಬಂತಪ್ಪ," ಎಂದು ಮಗಳು ಕೂಗಿದಳು. ಅವಳ ದನಿ ನಡುವೆಯೇ ಒಡೆಯಿತು. "ಚೆನ್ನಾಗಿ ಬಂತು."

ಆ ತುದಿಯಲ್ಲಿ ಸ್ಟೂಲು ಸರಿದ ಸದ್ದಾಯಿತು. "ಇಷ್ಟು ಹೊತ್ತು ಬೇಕಾಯ್ತೇನೋ ನಿನಗೆ?" ಎಂದು ಮೇಸ್ತ್ರಿ ನಕ್ಕರು. ಯಾರಿಗೆ ಹೇಳಿದರೋ ಆ ಗೆಳೆಯ ಅಲ್ಲಿರಲಿಲ್ಲ. "ಸರಿ ಹಾಗಾದ್ರೆ. ಅದು ಆರಲಿ. ನಡಿ, ಚಹಾ ಕುಡಿಯೋಣ."

ಆ ಮಧ್ಯಾಹ್ನ ಚಹಾ ಕುಡಿದು ಬಂದು ನೋಡಿದಾಗ ಗುಡ್ಡ ಇರಲಿಲ್ಲ. ವೃತ್ತ ತೊಳೆದ ಹಾಗೆ ಸಮನಾಗಿತ್ತು. ಪರೀಕ್ಷಕರು ಅಲ್ಲೇ ಒಪ್ಪಿಗೆ ಹೇಳಿದರು. ಉಜ್ಜುವ ಮಾತು ಮತ್ತೆ ಯಾರೂ ಎತ್ತಲಿಲ್ಲ. ಮಗಳ ಕೆಲಸವೂ ಉಳಿಯಿತು, ಮೇಸ್ತ್ರಿಯ ಸ್ಟೂಲೂ ಉಳಿಯಿತು.

ಲೇಪಕ್ಕೆ ಮುಂಚಿನ ಕೊನೆಯ ಪರೀಕ್ಷೆಯ ಬೆಳಗ್ಗೆ ನಕ್ಷೆಗಾರ ಯಾರೂ ಕರೆಯದೆಯೇ ಕಾರ್ಖಾನೆಗೆ ಹೋದ. ಒಂದು ಪೆಟ್ಟಿಗೆಯ ಧೂಳು ಒರೆಸಿ ತನ್ನ ಹಳೆಯ ಕಿಟಕಿಯ ಹತ್ತಿರ ಕೂತ. ಕೆಳಗೆ ಓಣಿಯ ಬಾಗಿಲು ಹಾಕಿಕೊಂಡಿತು. ಆಮೇಲೆ ಮೇಸ್ತ್ರಿಯ ಪ್ರಶ್ನೆ ಕೇಳಿತು. ಅದರ ಹಿಂದೆಯೇ, ಇಡೀ ಕಾರ್ಖಾನೆಯಲ್ಲಿ ದನಿಯೆತ್ತಿ ಮಾತಾಡಿದ್ದನ್ನು ಯಾರೂ ಕೇಳಿರದ ಪರೀಕ್ಷಕರು ಗಂಟಲು ಬಿಚ್ಚಿ "ಬಂತು!" ಎಂದು ಕೂಗಿದರು.

ನಕ್ಷೆಗಾರ ಕಣ್ಣೊರೆಸಿಕೊಂಡು, ಚಹಾ ಕುಡಿಯಲು ಮೆಟ್ಟಿಲಿಳಿದ.